ದೇವರ ಕೆಲಸಕ್ಕೆ ಲೆಕ್ಕ ಬರೆಯುವವರು

(ನಮ್ಮ ಕನ್ನಡ ಕೂಟದ ಯುಗಾದಿ ಸಮಾರಂಭದಲ್ಲಿ ಏರ್ಪಡಿಸಿದ್ದ ಅತಿಥಿ ಉಪನ್ಯಾಸದ ಪಾಠ. ಉಪನ್ಯಾಸಕರು ಬೆಂಗಳೂರಿನಲ್ಲಿ ಸಾರ್ವಜನಿಕ ಸೇವೆಗಳನ್ನು ಕುರಿತು ಮೂರು ದಶಕಗಳಿಗೂ ಹೆಚ್ಚು ಕಾಲ ಸಂಶೋಧನೆ ನಡೆಸಿ ನಿವೃತ್ತರಾದವರು. – ಸಂಪಾದಕ ಮಂಡಲಿ)



 ಬೇವು-ಬೆಲ್ಲ ಸವಿದಾಗಿದೆ; ಒಳಗಿನಿಂದ ಹೋಳಿಗೆಯ ಪರಿಮಳವೂ ಬರುತ್ತಿದೆ. ಹಸಿದವರ ಮುಂದೆ ಉಪನ್ಯಾಸವನ್ನು ಲಂಬಿಸಬಾರದೆಂಬ ವಿವೇಕ ನನಗಿದೆ. ಆದರೆ ನಾನು ಆರಿಸಿಕೊಂಡ ವಿಷಯದಲ್ಲಿ ಬೆಲ್ಲಕ್ಕಿಂತ ಬೇವಿನ ಪಾಲೇ ತುಸು ಹೆಚ್ಚು. ಅದಕ್ಕಾಗಿ ಮೊದಲೇ ಕ್ಷಮೆ ಬೇಡಿಬಿಡುತ್ತೇನೆ.

ಕಾರ್ಯದರ್ಶಿಗಳು ಕಳೆದ ತಿಂಗಳು ದೂರವಾಣಿಯಲ್ಲಿ ಉಪನ್ಯಾಸದ ವಿಷಯವೇನೆಂದು ಕೇಳಿದಾಗ, "ಸರ್ಕಾರಿ ಸೇವೆಗಳ ಸುಧಾರಣೆಗಾಗಿ ನಡೆಯುವ ಸಂಶೋಧನೆ ಮತ್ತು ಬರವಣಿಗೆ, ಅದನ್ನೇ ಜೀವನೋಪಾಯವಾಗಿ ಆರಿಸಿಕೊಳ್ಳುವುದು" ಎಂದೆ. ಆ ಕಡೆಯಿಂದ ಕ್ಷಣಕಾಲ ಮೌನ. ಆಮೇಲೆ ಬಹಳ ವಿನಯದಿಂದ, "ಸಾರ್, ಅಂಥದ್ದೊಂದು ಉದ್ಯೋಗ ಇದೆಯೇ?" ಎಂದು ಕೇಳಿದರು. ಇದೆ. ಆ ಉದ್ಯೋಗದಲ್ಲಿಯೇ ನನ್ನ ಆಯುಷ್ಯದ ಬಹುಭಾಗ ಕಳೆದಿದೆ, ಸಂಸಾರವೂ ಸಾಗಿದೆ.

ನಿನ್ನೆ ರಾತ್ರಿ ನಾನು ಉಳಿದುಕೊಂಡಿದ್ದ ಮನೆಯಲ್ಲಿ ಊಟವಾದ ಮೇಲೆ ಇದೇ ಮಾತು ಬಂದಿತು. ಆ ಮನೆಯ ಮಗಳು ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಾಳೆ. ಗಣಿತದಲ್ಲಿ ಚುರುಕು, ಬರವಣಿಗೆಯಲ್ಲಿ ಆಸಕ್ತಿ. ಕಾಲೇಜಿನಲ್ಲಿ ಸಾರ್ವಜನಿಕ ನೀತಿಯನ್ನು ಓದಬೇಕೆಂಬುದು ಅವಳ ಇಚ್ಛೆ. ತಂದೆ ನನ್ನತ್ತ ತಿರುಗಿ, "ಸಾರ್, ನೀವಾದರೂ ಸ್ವಲ್ಪ ಹೇಳಿ. ಕಂಪ್ಯೂಟರ್ ಇದೆ, ಮೆಡಿಸಿನ್ ಇದೆ. ಸರ್ಕಾರದ ವಿಷಯ ಬರೆದು ಯಾರಿಗೆ ಏನಾಗಬೇಕು? ಬರೆದದ್ದನ್ನು ಓದುವವರಾದರೂ ಯಾರು?" ಎಂದರು. ಮಗಳು ಏನೂ ಹೇಳಲಿಲ್ಲ, ನನ್ನ ಮುಖವನ್ನೇ ನೋಡಿದಳು. ರಾತ್ರಿ ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. ಇಂದಿನ ಉಪನ್ಯಾಸವನ್ನು ಆ ತಂದೆಯ ಎರಡು ಪ್ರಶ್ನೆಗಳಿಗೆ ನನ್ನ ಉತ್ತರವೆಂದು ದಯವಿಟ್ಟು ಭಾವಿಸಿರಿ. ತಂದೆ ಮಗಳಿಬ್ಬರೂ ಈ ಸಭೆಯಲ್ಲಿಯೇ ಇದ್ದಾರೆ.

ಶಾಸನವೂ ಗಾದೆಯೂ

ಬೆಂಗಳೂರಿನ ವಿಧಾನಸೌಧದ ಮುಂದೆ ಹಾದುಹೋದವರೆಲ್ಲರೂ ಅಲ್ಲಿ ಕೆತ್ತಿರುವ "ಸರ್ಕಾರದ ಕೆಲಸ ದೇವರ ಕೆಲಸ" ಎಂಬ ಮಾತನ್ನು ಓದಿರುತ್ತೀರಿ. ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ಆರಂಭವಾಗಿ 1956ರಲ್ಲಿ ಪೂರ್ಣಗೊಂಡ ಆ ಕಟ್ಟಡದ ಮೇಲೆ ಆ ಮಾತು ಶಾಸನದಂತೆ ನಿಂತಿದೆ. ನಮ್ಮ ಜನರ ಬಾಯಲ್ಲಿ ಅದಕ್ಕಿಂತ ಹಳೆಯದಾದ ಇನ್ನೊಂದು ಮಾತಿದೆ: ದೇವರು ಕೊಟ್ಟರೂ ಪೂಜಾರಿ ಕೊಡ. ಈ ಎರಡು ಮಾತುಗಳ ನಡುವೆ ಇರುವ ಅಂತರವನ್ನು ಅಳೆದು, ಕಾರಣವನ್ನು ಹುಡುಕಿ, ಎಲ್ಲರಿಗೂ ತಿಳಿಯುವಂತೆ ಬರೆಯುವುದೇ ನಾನು ಹೇಳುತ್ತಿರುವ ಉದ್ಯೋಗ.

ನನಗೆ ಇದರ ಮೊದಲ ಪಾಠವಾದುದು ಯಾವ ವಿಶ್ವವಿದ್ಯಾನಿಲಯದಲ್ಲಿಯೂ ಅಲ್ಲ, ನನ್ನ ತಾಯಿಯಿಂದ. ನನ್ನ ತಂದೆ ಹಳ್ಳಿಯೊಂದರ ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಿದ್ದರು. 1971ರಲ್ಲಿ ತೀರಿಕೊಂಡಾಗ ನನಗೆ ಹದಿನಾಲ್ಕು ವರ್ಷ. ಕುಟುಂಬ ಪಿಂಚಣಿ ನಮಗೆ ಬರಬೇಕಾದುದೇ ಆಗಿತ್ತು. ಅದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಆದರೂ ಅದು ಕೈಸೇರಲು ಎರಡು ವರ್ಷಗಳಿಗೆ ಸ್ವಲ್ಪವೇ ಕಡಿಮೆಯಾಯಿತು. ತಾಲ್ಲೂಕು ಕೇಂದ್ರದ ಕಚೇರಿಗೆ ಅಮ್ಮ ಹತ್ತೊಂಬತ್ತು ಬಾರಿ ಹೋಗಿಬಂದರು. ಪ್ರತಿ ಬಾರಿಯೂ ಅರ್ಜಿಯ ಮೇಲೆ ಹೊಸದೊಂದು ಷರಾ. ಒಮ್ಮೆ ಒಂದು ದೃಢೀಕರಣ ಪತ್ರವಿಲ್ಲ, ಇನ್ನೊಮ್ಮೆ ಮೊಹರು ಸ್ಪಷ್ಟವಿಲ್ಲ, ಮತ್ತೊಮ್ಮೆ ಸಂಬಂಧಪಟ್ಟ ಗುಮಾಸ್ತರು ರಜೆಯಲ್ಲಿ. ಕೊನೆಗೆ ನಿವೃತ್ತಿಯ ಅಂಚಿನಲ್ಲಿದ್ದ ವೃದ್ಧ ಗುಮಾಸ್ತರೊಬ್ಬರು ಕಡತವನ್ನು ಬಿಚ್ಚಿ ನೋಡಿ, "ಅಮ್ಮಾ, ಸೇವಾ ಪುಸ್ತಕದಲ್ಲಿ ನಿಮ್ಮ ಯಜಮಾನರ ಹೆಸರಿನ ಹಿಂದೆ ಊರಿನ ಅಕ್ಷರ ಇದೆ. ಮರಣದ ಪತ್ರದಲ್ಲಿ ಇಲ್ಲ. ಇಷ್ಟೇ ತೊಡಕು" ಎಂದರು. ಅವರು ಹೇಳಿಕೊಟ್ಟಂತೆ ಒಂದು ಪ್ರಮಾಣಪತ್ರ ಮಾಡಿಸಿ ಕೊಟ್ಟ ಮೇಲೆ ಹಣ ಬಂದಿತು.

ನಾನು ಹೇಳಬೇಕಾದ ಸಂಗತಿ ಇದಲ್ಲ, ಇದರ ಮುಂದಿನದು. ಅಮ್ಮ ಮೂರನೆಯ ತರಗತಿಯವರೆಗೆ ಓದಿದ್ದವರು. ಅಪ್ಪ ಶಾಲೆಯಿಂದ ತಂದಿಟ್ಟಿದ್ದ ಖಾಲಿ ಪುಸ್ತಕವೊಂದರಲ್ಲಿ ಪ್ರತಿ ಸಲದ ವಿವರವನ್ನೂ ಬರೆದಿಟ್ಟಿದ್ದರು. ಯಾವ ತಾರೀಖು, ಯಾರನ್ನು ಕಂಡದ್ದು, ಏನು ಹೇಳಿದರು, ಬಸ್ಸಿಗೆ ಎಷ್ಟು, ಕಾಗದಕ್ಕೆ ಎಷ್ಟು, ಆ ದಿನ ತಪ್ಪಿದ ಕೂಲಿ ಎಷ್ಟು. "ಇದನ್ನೆಲ್ಲ ಏಕೆ ಬರೆದೆಯಮ್ಮ?" ಎಂದು ಕೇಳಿದ್ದಕ್ಕೆ, "ಬರೆದಿಡದಿದ್ದರೆ ನಾಳೆ ನಾನೇ ಮರೆತುಬಿಡುತ್ತೇನೆ. ಅವರಂತೂ ಇಂದೇ ಮರೆತಿದ್ದಾರೆ" ಎಂದಿದ್ದರು.

ಇಂದು ವಿದ್ವಾಂಸರು ಇದಕ್ಕೆ ಒಂದು ಶಾಸ್ತ್ರವನ್ನೇ ಕಟ್ಟಿದ್ದಾರೆ. ಈ ದೇಶದ ಪಮೇಲಾ ಹರ್ಡ್ ಮತ್ತು ಡೊನಾಲ್ಡ್ ಮೊಯ್ನಿಹಾನ್ 2018ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಾಗರಿಕನ ಮೇಲೆ ಸರ್ಕಾರಿ ವ್ಯವಸ್ಥೆ ಹೇರುವ ಹೊರೆಯನ್ನು ಮೂರಾಗಿ ವಿಂಗಡಿಸಿದ್ದಾರೆ. ತನಗೆ ಏನು ಸಲ್ಲಬೇಕೆಂದು ತಿಳಿದುಕೊಳ್ಳುವ ಹೊರೆ, ಕೇಳಿದ ಕಾಗದಪತ್ರಗಳನ್ನು ಒದಗಿಸುವ ಹೊರೆ, ಅಲೆದಾಟದಲ್ಲಿ ಮನಸ್ಸು ಅನುಭವಿಸುವ ಅವಮಾನ ಆತಂಕಗಳ ಹೊರೆ. ಅದನ್ನು ಓದಿದಾಗ ನನಗೆ ಅಮ್ಮನ ಪುಸ್ತಕದ ನೆನಪಾಯಿತು. ಮೊದಲೆರಡು ಹೊರೆಗಳ ಲೆಕ್ಕ ಅದರಲ್ಲಿತ್ತು. ಮೂರನೆಯದನ್ನು ಅಮ್ಮ ಬರೆದಿರಲಿಲ್ಲ.

ಇದು ಹೊಸ ವಿದ್ಯೆಯಲ್ಲ

ಆಡಳಿತವನ್ನು ಪ್ರಜೆಯ ಕಡೆಯಿಂದ ನೋಡುವ ಅಭ್ಯಾಸ ನಮಗೆ ಹೊಸದೇನಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸಿದರು. ದಸರೆಯ ಸಮಯದಲ್ಲಿ ತಾಲ್ಲೂಕುಗಳಿಂದ ಬಂದ ಪ್ರತಿನಿಧಿಗಳು ಕೆರೆ, ರಸ್ತೆ, ಕಂದಾಯಗಳ ಕುಂದುಕೊರತೆಗಳನ್ನು ದಿವಾನರ ಮುಂದೆ ಹೇಳಬಹುದಾಗಿತ್ತು. ಶಾಸನ ಮಾಡುವ ಅಧಿಕಾರ ಆ ಸಭೆಗಿರಲಿಲ್ಲ, ನಿಜ. ಆದರೆ ಹೇಳಿದ ಮಾತು ದಾಖಲೆಯಲ್ಲಿ ಉಳಿಯುತ್ತಿತ್ತು. 1911ರಲ್ಲಿ ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ ಆರಂಭವಾದ ಮೈಸೂರು ಆರ್ಥಿಕ ಸಮ್ಮೇಳನವು ಶಿಕ್ಷಣ, ಕೃಷಿ, ಕೈಗಾರಿಕೆಗಳನ್ನು ಅಂಕಿಅಂಶಗಳ ಮೂಲಕ ಚರ್ಚಿಸುವ ಪದ್ಧತಿಯನ್ನು ತಂದಿತು. 1972ರಲ್ಲಿ ಡಾ. ವಿ.ಕೆ.ಆರ್.ವಿ. ರಾವ್ ಅವರು ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಪರಿವರ್ತನ ಸಂಸ್ಥೆಯನ್ನು ಕಟ್ಟಿದರು.

ನೀವು ನೆಲೆಸಿರುವ ಈ ದೇಶದಲ್ಲಿಯೂ ಇದಕ್ಕೆ ಶತಮಾನದ ಇತಿಹಾಸವಿದೆ. 1907ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಪುರಸಭಾ ಸಂಶೋಧನೆಗೆಂದೇ ಒಂದು ಸಂಸ್ಥೆ ಹುಟ್ಟಿತು. ಅದರ ಸಂಶೋಧಕರು ನಗರದ ಖರ್ಚುವೆಚ್ಚ, ರಸ್ತೆ, ಆರೋಗ್ಯಗಳನ್ನು ಪರಿಶೀಲಿಸಿ ವರದಿ ಬರೆದರು. 1916ರಲ್ಲಿ ವಾಷಿಂಗ್ಟನ್ನಿನಲ್ಲಿ ಸರ್ಕಾರಿ ಸಂಶೋಧನಾ ಸಂಸ್ಥೆ ಆರಂಭವಾಯಿತು. ಅದೇ ಮುಂದೆ ಬ್ರೂಕಿಂಗ್ಸ್ ಸಂಸ್ಥೆಯಾಗಿ ಬೆಳೆಯಿತು. 1921ರಲ್ಲಿ ಸ್ಥಾಪನೆಯಾಗಿ 2004ರಲ್ಲಿ ಹೆಸರು ಬದಲಿಸಿಕೊಂಡ ಗವರ್ನಮೆಂಟ್ ಅಕೌಂಟಬಿಲಿಟಿ ಆಫೀಸ್, ಅಮೆರಿಕದ ಕಾಂಗ್ರೆಸ್ಸಿನ ಪರವಾಗಿ ಸರ್ಕಾರದ ಕಾರ್ಯಕ್ರಮಗಳನ್ನು ಪರಿಶೀಲಿಸುತ್ತದೆ. ಅದು ಮಾಡುವ ಶಿಫಾರಸುಗಳಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ನಾಲ್ಕು ವರ್ಷಗಳೊಳಗೆ ಜಾರಿಗೆ ಬರುತ್ತವೆ. "ಓದುವವರಾದರೂ ಯಾರು?" ಎಂಬ ಪ್ರಶ್ನೆಗೆ ಇದು ಒಂದು ಉತ್ತರ.

ಬೆಂಗಳೂರಿನ ಅಂಕಪಟ್ಟಿ

ಆದರೆ ನನ್ನ ಮನಸ್ಸಿಗೆ ಹತ್ತಿರವಾದ ಉತ್ತರ ಬೆಂಗಳೂರಿನದು. ಡಾ. ಸ್ಯಾಮ್ಯುಯೆಲ್ ಪಾಲ್ ಅವರು ಅಹಮದಾಬಾದಿನ ಭಾರತೀಯ ನಿರ್ವಹಣಾ ಸಂಸ್ಥೆಯ ನಿರ್ದೇಶಕರಾಗಿ, ಆಮೇಲೆ ವಿಶ್ವಬ್ಯಾಂಕಿನಲ್ಲಿ ಸಲಹೆಗಾರರಾಗಿ ಕೆಲಸ ಮಾಡಿ, ಬೆಂಗಳೂರಿಗೆ ಬಂದು ನೆಲೆಸಿದವರು. ನಗರದ ಸೇವೆಗಳ ಬಗ್ಗೆ ಮನೆಮನೆಯಲ್ಲಿಯೂ ಗೊಣಗಾಟ ಇರುವುದನ್ನು ಅವರು ಕಂಡರು. ಗೊಣಗಾಟಕ್ಕೆ ಬೆಲೆಯಿಲ್ಲ, ಅಳತೆಗೆ ಬೆಲೆಯಿದೆ ಎಂಬುದು ಅವರ ಆಲೋಚನೆಯಾಗಿತ್ತು. ಒಂದು ಅಂಗಡಿ ಸರಿಯಿಲ್ಲದಿದ್ದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ನೀರು ಸರಬರಾಜಿಗೆ ಪಕ್ಕದ ಅಂಗಡಿಯಿಲ್ಲ. ಹಾಗಾದರೆ ಗಿರಾಕಿಯ ಅಭಿಪ್ರಾಯ ಸಂಸ್ಥೆಯನ್ನು ಮುಟ್ಟುವ ಬಗೆ ಹೇಗೆ? ಶಾಲೆಯ ಮಕ್ಕಳಿಗೆ ಅಂಕಪಟ್ಟಿ ಕೊಡುವಂತೆ, ಜನರೇ ಸರ್ಕಾರಿ ಸಂಸ್ಥೆಗಳಿಗೆ ಅಂಕಪಟ್ಟಿ ಕೊಡಲಿ ಎಂದರು.

1993ರಲ್ಲಿ ಮಿತ್ರರ ಸಣ್ಣ ಗುಂಪೊಂದು ಸ್ಥಳೀಯವಾಗಿಯೇ ಹಣ ಕೂಡಿಸಿ, ಮಾರುಕಟ್ಟೆ ಸಮೀಕ್ಷೆಯಲ್ಲಿ ನುರಿತವರ ನೆರವಿನಿಂದ ಕೆಲಸ ಆರಂಭಿಸಿತು. ಮಧ್ಯಮ ವರ್ಗದ ಮನೆಗಳೂ ಕೊಳೆಗೇರಿಯ ಮನೆಗಳೂ ಸೇರಿ ಸಾವಿರದ ನೂರಕ್ಕೂ ಮಿಕ್ಕ ಕುಟುಂಬಗಳನ್ನು ಕಂಡು ಮಾತನಾಡಿಸಿದರು. 1994ರಲ್ಲಿ ಫಲಿತಾಂಶ ಹೊರಬಂದಿತು. ನಗರದ ಸೇವೆಗಳಿಂದ ತೃಪ್ತರಾದವರ ಪ್ರಮಾಣ ಸರಾಸರಿ ನೂರಕ್ಕೆ 9. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ವಿಷಯದಲ್ಲಿ ಅದು ನೂರಕ್ಕೆ 1. ಕೊಳೆಗೇರಿಗಳಲ್ಲಿ ಮೂರು ಮನೆಗಳಿಗೆ ಒಂದು ಮನೆ ಲಂಚ ಕೊಟ್ಟಿತ್ತು. ಇತರ ಬಡಾವಣೆಗಳಲ್ಲಿ ಆ ಪ್ರಮಾಣ ಸುಮಾರು ಏಳಕ್ಕೆ ಒಂದು. ಬಡವನೇ ಹೆಚ್ಚಾಗಿ ಲಂಚ ಕೊಡುತ್ತಾನೆ ಎಂಬ ಅಂಶವನ್ನು ಈ ಅಂಕಿಗಳು ತೋರಿಸಿದವು.

ಪತ್ರಿಕೆಗಳು ಇದನ್ನು ದೊಡ್ಡದಾಗಿ ಪ್ರಕಟಿಸಿದವು. ವಾರಕ್ಕೊಂದು ಸಂಸ್ಥೆಯ ಅಂಕಪಟ್ಟಿ ಮುದ್ರಣವಾಯಿತು. ಅಂಕಪಟ್ಟಿಯ ಕೊನೆಯಲ್ಲಿದ್ದ ಅಭಿವೃದ್ಧಿ ಪ್ರಾಧಿಕಾರದ ಮುಖ್ಯಸ್ಥರೇ ಮುಂದೆ ಬಂದು ಸುಧಾರಣೆಗೆ ಸಲಹೆ ಕೇಳಿದರು. ಇತರ ಕೆಲವು ಸಂಸ್ಥೆಗಳು ಸುಮ್ಮನಿದ್ದವು. ಈ ಪ್ರಯೋಗದ ಫಲವಾಗಿ 1994ರಲ್ಲಿ ಪಬ್ಲಿಕ್ ಅಫೇರ್ಸ್ ಸೆಂಟರ್ ಎಂಬ ಸಂಸ್ಥೆ ಬೆಂಗಳೂರಿನಲ್ಲಿ ರೂಪುಗೊಂಡಿತು. ಐದು ವರ್ಷಗಳ ಬಳಿಕ 1999ರಲ್ಲಿ ಮತ್ತೆ ಅಳೆದಾಗ ತೃಪ್ತರ ಪ್ರಮಾಣ ನೂರಕ್ಕೆ 34ಕ್ಕೆ ಏರಿತ್ತು. ಆದರೆ ಲಂಚ ಕಡಿಮೆಯಾಗಿರಲಿಲ್ಲ, ಹೆಚ್ಚಾಗಿತ್ತು. ಅದೇ ವರ್ಷ ಎಸ್.ಎಂ. ಕೃಷ್ಣ ಅವರ ಸರ್ಕಾರ ನಂದನ್ ನಿಲೇಕಣಿಯವರ ಅಧ್ಯಕ್ಷತೆಯಲ್ಲಿ ಬೆಂಗಳೂರು ಅಜೆಂಡಾ ಕಾರ್ಯಪಡೆಯನ್ನು ರಚಿಸಿತು. 2003ರ ಮೂರನೆಯ ಅಂಕಪಟ್ಟಿಯಲ್ಲಿ ತೃಪ್ತರು ನೂರಕ್ಕೆ 49 ಆದರು, ಲಂಚದ ಪ್ರಮಾಣವೂ ಇಳಿಯಿತು.

ಇಷ್ಟೂ ಸುಧಾರಣೆ ಆ ಒಂದು ವರದಿಯಿಂದಲೇ ಆಯಿತೆಂದು ನಾನು ಹೇಳಲಾರೆ. ಕಂಪ್ಯೂಟರುಗಳು ಬಂದವು, ಹಣ ಬಂದಿತು, ದಕ್ಷ ಅಧಿಕಾರಿಗಳು ಬಂದರು. ಆದರೆ ಎಲ್ಲಿಂದ ಎಲ್ಲಿಗೆ ಬಂದೆವೆಂದು ಹೇಳಲು ನಮ್ಮ ಬಳಿ ಮೂರು ಅಂಕಿಗಳಾದರೂ ಇವೆ. ಆ ಅಂಕಿಗಳಿಲ್ಲದಿದ್ದರೆ, ಸುಧಾರಿಸಿತೆಂದು ಮಂತ್ರಿಗಳು ಹೇಳುತ್ತಿದ್ದರು, ಇಲ್ಲವೆಂದು ನಾವು ಹೇಳುತ್ತಿದ್ದೆವು, ಇಬ್ಬರೂ ಮನೆಗೆ ಹೋಗುತ್ತಿದ್ದೆವು. ಡಾ. ಪಾಲ್ 2015ರಲ್ಲಿ ನಿಧನರಾದರು. ಅವರು ಆರಂಭಿಸಿದ ಪದ್ಧತಿಯನ್ನು ಇತರ ದೇಶಗಳ ನಗರಗಳೂ ಅನುಸರಿಸಿವೆ.

ಕೇಳುವ ಕಲೆ

ಅಂಕಿಗಳನ್ನು ನಂಬಿರಿ ಎಂದು ಹೇಳಿದ ಮೇಲೆ, ಅವು ಹೇಗೆ ಮೋಸಮಾಡುತ್ತವೆ ಎಂಬುದನ್ನೂ ಹೇಳಬೇಕು. ತೊಂಬತ್ತರ ದಶಕದ ಮಧ್ಯಭಾಗದಲ್ಲಿ ನಾನೂ ಒಂದು ನೀರಿನ ಸಮೀಕ್ಷೆಯ ಹೊಣೆ ಹೊತ್ತಿದ್ದೆ. ಬೆಂಗಳೂರಿನ ಅಂಚಿನ ಒಂದು ಬಡಾವಣೆಯಲ್ಲಿ ತಾಯಿಯೊಬ್ಬರನ್ನು, "ನಿಮ್ಮ ಬೀದಿಯ ನಲ್ಲಿಯಲ್ಲಿ ನೀರು ಬರುತ್ತದೆಯೇ?" ಎಂದು ಕೇಳಿದೆ. "ಬರ್ತದೆ ಸಾರ್" ಎಂದರು. ಹೌದು ಎಂದು ಗುರುತು ಹಾಕಿದೆ. "ತೃಪ್ತಿಯಿದೆಯೇ?" ಎಂದೆ. "ಪರವಾಗಿಲ್ಲ" ಎಂದರು. ಅದನ್ನೂ ಬರೆದೆ. ಅವರು ಕೊಟ್ಟ ಕಾಫಿ ಕುಡಿಯುತ್ತಾ ಕುಳಿತಿದ್ದಾಗ, ಮೂಲೆಯಲ್ಲಿ ಹಗಲುಹೊತ್ತಿನಲ್ಲಿಯೇ ಮಲಗಿ ನಿದ್ರಿಸುತ್ತಿದ್ದ ಹುಡುಗಿಯನ್ನು ಕಂಡು, "ಮಗುವಿಗೆ ಮೈ ಸರಿಯಿಲ್ಲವೇ?" ಎಂದೆ. "ಮೈಗೇನಾಗಿದೆ ಸಾರ್? ಮೂರು ದಿನಕ್ಕೊಂದು ಸಲ ರಾತ್ರಿ ಎರಡು ಗಂಟೆಗೆ ನೀರು ಬಿಡ್ತಾರೆ. ನಾನು ಬೆಳಗ್ಗೆ ಕೆಲಸಕ್ಕೆ ಹೋಗಬೇಕಲ್ಲ, ಅವಳೇ ಎದ್ದು ಹಿಡೀತಾಳೆ. ಮಾರನೇ ದಿನ ಇಸ್ಕೂಲಿಗೆ ಹೋಗೋಕಾಗಲ್ಲ" ಎಂದರು.

ನನ್ನ ನಮೂನೆಯ ಪ್ರಕಾರ ಆ ಮನೆಗೆ ನೀರು ಬರುತ್ತಿತ್ತು, ಮನೆಯವರು ತೃಪ್ತರಾಗಿದ್ದರು. ಮೂರು ದಿನಕ್ಕೊಮ್ಮೆ ಒಬ್ಬ ಹುಡುಗಿಯ ಪಾಠ ತಪ್ಪುತ್ತಿರುವುದನ್ನು ಬರೆಯಲು ಅದರಲ್ಲಿ ಜಾಗವೇ ಇರಲಿಲ್ಲ. ಕಡಿಮೆ ನಿರೀಕ್ಷೆಯವರು ಬೇಗ ತೃಪ್ತರಾಗುತ್ತಾರೆ. ಆ ರಾತ್ರಿಯೇ ಪ್ರಶ್ನಾವಳಿಯನ್ನು ತಿದ್ದಿದೆವು. ನೀರು ಬರುತ್ತದೆಯೇ ಎಂಬುದರ ಬದಲು ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ಹೊತ್ತು, ಹಿಡಿಯುವವರು ಯಾರು ಎಂದು ಕೇಳತೊಡಗಿದೆವು. ಸಂಶೋಧನೆಯ ಪುಸ್ತಕಗಳಲ್ಲಿ ಇದಕ್ಕೆ ದೊಡ್ಡ ಹೆಸರುಗಳಿವೆ. ನಾನು ಕಲಿತದ್ದು ಇಷ್ಟು: ನಮೂನೆಯನ್ನು ಮಡಿಚಿಟ್ಟ ಮೇಲೂ ಸ್ವಲ್ಪ ಹೊತ್ತು ಕುಳಿತಿರಬೇಕು.

ಇದೇ ರೀತಿ ಕಣ್ಣಾರೆ ಕಂಡು ಬರೆದವರಿಂದ ದೇಶಕ್ಕೆ ಆದ ಉಪಕಾರ ದೊಡ್ಡದು. 1996ರಲ್ಲಿ ಉತ್ತರ ಭಾರತದ ಹಳ್ಳಿಶಾಲೆಗಳಿಗೆ ಮುನ್ಸೂಚನೆಯಿಲ್ಲದೆ ಹೋಗಿ ನೋಡಿದ ಸಂಶೋಧಕರ ತಂಡವೊಂದು, ಅರ್ಧದಷ್ಟು ಶಾಲೆಗಳಲ್ಲಿ ಆ ಹೊತ್ತಿಗೆ ಪಾಠವೇ ನಡೆಯುತ್ತಿರಲಿಲ್ಲವೆಂದು 1999ರ 'ಪ್ರೋಬ್' ವರದಿಯಲ್ಲಿ ದಾಖಲಿಸಿತು. ಬಡವರಿಗೆ ಮಕ್ಕಳನ್ನು ಓದಿಸುವ ಆಸೆಯಿಲ್ಲ ಎಂಬ ಸುಲಭದ ನಂಬಿಕೆಯನ್ನು ಅದೇ ವರದಿ ಮುರಿಯಿತು. 2005ರಿಂದ 'ಪ್ರಥಮ್' ಸಂಸ್ಥೆಯ 'ಅಸರ್' ವರದಿಗಳು, ಶಾಲೆಗೆ ಸೇರಿದ ಮಗು ನಿಜಕ್ಕೂ ಓದಬಲ್ಲುದೇ ಎಂಬ ಸರಳ ಪ್ರಶ್ನೆಯನ್ನು ಹಳ್ಳಿಹಳ್ಳಿಯಲ್ಲಿ ಕೇಳಿದವು. ಪತ್ರಕರ್ತ ಪಿ. ಸಾಯಿನಾಥ್ ದೇಶದ ಅತಿ ಬಡ ಜಿಲ್ಲೆಗಳಲ್ಲಿ ಸುತ್ತಾಡಿ ಬರೆದ ಲೇಖನಗಳು 1996ರಲ್ಲಿ ಪುಸ್ತಕವಾಗಿ ಬಂದು, ಅಭಿವೃದ್ಧಿ ಯೋಜನೆಗಳು ಕಾಗದದ ಮೇಲೆ ಒಂದು, ನೆಲದ ಮೇಲೆ ಇನ್ನೊಂದು ಎಂಬುದನ್ನು ತೋರಿಸಿದವು. ರಾಜಸ್ಥಾನದಲ್ಲಿ ಅರುಣಾ ರಾಯ್ ಮತ್ತು ಸಂಗಡಿಗರ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1994ರಲ್ಲಿ ಸಾರ್ವಜನಿಕ ವಿಚಾರಣೆಗಳನ್ನು ಆರಂಭಿಸಿ, ಕಾಮಗಾರಿಗಳ ಕೂಲಿಪಟ್ಟಿಯನ್ನು ಊರಿನವರ ಮುಂದೆಯೇ ಗಟ್ಟಿಯಾಗಿ ಓದಿಸಿತು. ಸತ್ತವರ ಹೆಸರಿನಲ್ಲಿಯೂ ಕೂಲಿ ಸಂದಾಯವಾಗಿದ್ದುದು ಬಯಲಾಯಿತು. ಆ ಹಳ್ಳಿಗಳ ಕೂಗು 2005ರ ಮಾಹಿತಿ ಹಕ್ಕು ಕಾಯಿದೆಯವರೆಗೆ ಬಂದಿತು. ನಮ್ಮ ಕರ್ನಾಟಕ 2000ದಲ್ಲಿಯೇ ತನ್ನದೊಂದು ಮಾಹಿತಿ ಹಕ್ಕು ಕಾಯಿದೆಯನ್ನು ಮಾಡಿತ್ತು.

ಒಂದೇ ಸೇವೆ, ಎರಡು ನೋಟ

ಈ ಉದ್ಯೋಗದಲ್ಲಿ ಯಾವ ಮಾತೂ ಕೊನೆಯ ಮಾತಲ್ಲ. ಉದಾಹರಣೆಗೆ 'ಭೂಮಿ' ಯೋಜನೆಯನ್ನು ನೋಡಿರಿ. ನಿಮ್ಮಲ್ಲಿ ಊರಿನಲ್ಲಿ ಜಮೀನಿರುವವರು ಪಹಣಿಗಾಗಿ ಗ್ರಾಮಲೆಕ್ಕಿಗರ ಮನೆಗೆ ಅಲೆದ ದಿನಗಳನ್ನು ಮರೆತಿರಲಾರಿರಿ. ಈ ಶತಮಾನದ ಆರಂಭದಲ್ಲಿ ಕರ್ನಾಟಕ ಸುಮಾರು 2 ಕೋಟಿ ಭೂದಾಖಲೆಗಳನ್ನು ಕಂಪ್ಯೂಟರಿಗೆ ಸೇರಿಸಿ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಪಹಣಿ ಸಿಗುವಂತೆ ಮಾಡಿತು. ಕಿಟಕಿಯ ಮುಂದೆ ನಿಂತ ರೈತರನ್ನು ಮಾತನಾಡಿಸಿದ ಸಮೀಕ್ಷೆ, ಅಲೆದಾಟವೂ ಲಂಚವೂ ಬಹಳ ಕಡಿಮೆಯಾಗಿದೆಯೆಂದು ಕಂಡುಕೊಂಡಿತು. ಕೆಲವು ವರ್ಷಗಳ ಅನಂತರ, 2007ರಲ್ಲಿ ಸಾಲಮನ್ ಬೆಂಜಮಿನ್ ಮತ್ತು ಸಂಗಡಿಗರು ಬೆಂಗಳೂರಿನ ಅಂಚಿನ ಹಳ್ಳಿಗಳನ್ನು ಅಧ್ಯಯನ ಮಾಡಿ, ದಾಖಲೆಗಳು ಒಂದೆಡೆ ಕೇಂದ್ರೀಕೃತವಾದುದರಿಂದ ದೊಡ್ಡ ಭೂವ್ಯವಹಾರಸ್ಥರಿಗೇ ಅನುಕೂಲವಾಯಿತು, ಸಣ್ಣ ಹಿಡುವಳಿದಾರ ದುರ್ಬಲನಾದ ಎಂದು ವಾದಿಸಿದರು. ಯಾರದು ಸರಿ? ಒಬ್ಬರು ಕಿಟಕಿಯ ಮುಂದೆ ನಿಂತು ನೋಡಿದರು, ಇನ್ನೊಬ್ಬರು ಹೊಲದ ಬದುವಿನ ಮೇಲೆ ನಿಂತು ನೋಡಿದರು. ಆಡಳಿತಗಾರನಿಗೆ ಎರಡೂ ನೋಟಗಳು ಬೇಕು.

ಹಾಗೆಯೇ 'ಸಕಾಲ'. 2011ರ ಕಾಯಿದೆಯ ಆಧಾರದ ಮೇಲೆ 2012ರ ಏಪ್ರಿಲ್ 2ರಂದು ರಾಜ್ಯದಾದ್ಯಂತ ಆರಂಭವಾದ ಈ ವ್ಯವಸ್ಥೆಯಲ್ಲಿ ಪ್ರತಿ ಸೇವೆಗೂ ಇಂತಿಷ್ಟು ದಿನವೆಂದು ಗಡುವು ಗೊತ್ತುಮಾಡಲಾಯಿತು. ಆರಂಭದಲ್ಲಿ 151 ಸೇವೆಗಳು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿಯ ಮಿತಿಗೆ ಒಳಪಟ್ಟು, ಹೊಣೆಗಾರರಾದವರಿಂದಲೇ ಪರಿಹಾರ. 1971ರಲ್ಲಿ ಇಂಥದ್ದೊಂದು ಇದ್ದಿದ್ದರೆ ಅಮ್ಮನ ಪುಸ್ತಕ ಬೇಗ ಮುಗಿಯುತ್ತಿತ್ತು. ಆದರೆ ಸಂಶೋಧಕ ಕೇಳಬೇಕಾದ ಪ್ರಶ್ನೆ ಬೇರೆ: ಗಡುವಿನೊಳಗೆ ವಿಲೇವಾರಿಯಾದ ಅರ್ಜಿಗಳಲ್ಲಿ ಮಂಜೂರಾದವು ಎಷ್ಟು, ತಿರಸ್ಕೃತವಾದವು ಎಷ್ಟು? ತಿರಸ್ಕರಿಸಿದರೂ ವಿಲೇವಾರಿಯೇ ತಾನೆ!

ವರದಿಗಳು ಕಪಾಟು ಸೇರುವುದಿಲ್ಲವೇ ಎಂದು ನೀವು ಕೇಳಬಹುದು. ಸೇರುತ್ತವೆ. ಆದರೆ ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ಸಲ್ಲಿಸಿದ ಪ್ರಾದೇಶಿಕ ಅಸಮತೋಲನದ ವರದಿಯನ್ನು ನೆನೆಯಿರಿ. 114 ತಾಲ್ಲೂಕುಗಳು ಹಿಂದುಳಿದಿವೆಯೆಂದು ಹೇಳಿ, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು ಎಂದು ಹೆಸರು ಸಮೇತ ಪಟ್ಟಿಮಾಡಿತು. ಶಿಫಾರಸುಗಳೆಲ್ಲ ಜಾರಿಗೆ ಬಂದಿವೆಯೆಂದಲ್ಲ. ಆದರೂ ಹೈದರಾಬಾದ್ ಕರ್ನಾಟಕದ ಶಾಸಕರು ಸದನದಲ್ಲಿ ಎದ್ದುನಿಂತಾಗಲೆಲ್ಲ ಆ ಪಟ್ಟಿ ಅವರ ಕೈಯಲ್ಲಿರುತ್ತಿತ್ತು.

ನನ್ನದೇ ತಪ್ಪು

ಇನ್ನು ನನ್ನ ತಪ್ಪೊಂದನ್ನು ಒಪ್ಪಿಕೊಳ್ಳುತ್ತೇನೆ. ಆ ನೀರಿನ ಸಮೀಕ್ಷೆಯ ವರದಿಯನ್ನು ಇಂಗ್ಲಿಷಿನಲ್ಲಿ ಬರೆದೆ. ಇನ್ನೂರು ಪುಟಗಳು, ದಪ್ಪನೆಯ ರಟ್ಟು. ಅಧಿಕಾರಿಗಳಿಗೆ ಅರ್ಪಿಸಿದ್ದೂ ಆಯಿತು, ಭಾವಚಿತ್ರವೂ ಬಂದಿತು. ಒಂದು ವರ್ಷದ ಬಳಿಕ ಅದೇ ಬಡಾವಣೆಗೆ ಹೋದಾಗ ಆ ತಾಯಿ ಗುರುತು ಹಿಡಿದು, "ನಾನು ಹೇಳಿದ್ದು ಬರೆದ್ರಾ ಸಾರ್? ಎಲ್ಲಿ, ಓದಿ ಹೇಳಿ" ಎಂದರು. ನನ್ನ ಚೀಲದಲ್ಲಿ ವರದಿಯಿತ್ತು. ಓದಿ ಹೇಳಲು ಅದರಲ್ಲಿ ಅವರ ಭಾಷೆಯಿರಲಿಲ್ಲ. ತಡವರಿಸುತ್ತಾ ಭಾಷಾಂತರಿಸತೊಡಗಿದೆ. ನನ್ನ ವಾಕ್ಯಗಳು ನನಗೇ ಅರ್ಥವಾಗಲಿಲ್ಲ. ಅವರ ಮಗಳು, ಅದೇ ಹುಡುಗಿ, ಪಕ್ಕದಲ್ಲಿ ನಿಂತು ಕೇಳುತ್ತಿದ್ದಳು.

ಅಂದಿನಿಂದ ನಾನೊಂದು ನಿಯಮ ಮಾಡಿಕೊಂಡೆ. ಇಂಗ್ಲಿಷ್ ವರದಿ ಎಷ್ಟೇ ಪುಟಗಳಿರಲಿ, ಅದರ ಸಾರ ಕನ್ನಡದಲ್ಲಿ ನಾಲ್ಕು ಪುಟ ಇರಲೇಬೇಕು, ಅದನ್ನು ಮೊದಲು ಬರೆಯಬೇಕು. ಕನ್ನಡದಲ್ಲಿ ಸರಳವಾಗಿ ಹೇಳಲಾಗದಿದ್ದರೆ ವಿಷಯ ನನಗೇ ತಿಳಿದಿಲ್ಲವೆಂದು ಅರ್ಥ. ನಮ್ಮ ಕಚೇರಿಗಳ ಕನ್ನಡವೂ ಜನರ ಕನ್ನಡವಲ್ಲ. 'ಸದರಿ ಅರ್ಜಿಯನ್ನು ಪರಿಶೀಲಿಸಲಾಗಿ, ಮೇಲ್ಕಂಡ ನ್ಯೂನತೆಗಳು ಕಂಡುಬಂದ ಪ್ರಯುಕ್ತ ಹಿಂದಿರುಗಿಸಲಾಗಿದೆ' ಎಂಬ ವಾಕ್ಯವನ್ನು ಓದಿ ಮೂರನೆಯ ತರಗತಿಯವರೆಗೆ ಕಲಿತ ವಿಧವೆಗೆ ಏನು ತಿಳಿಯಬೇಕು? 'ನಿಮ್ಮ ಯಜಮಾನರ ಹೆಸರು ಎರಡು ಕಾಗದಗಳಲ್ಲಿ ಬೇರೆಬೇರೆಯಾಗಿದೆ, ಸರಿಪಡಿಸಿ ತನ್ನಿರಿ' ಎಂದು ಬರೆದಿದ್ದರೆ ಹತ್ತೊಂಬತ್ತು ಬಾರಿಯ ಅಲೆದಾಟ ಎರಡೇ ಬಾರಿಗೆ ಮುಗಿಯುತ್ತಿತ್ತು. ಸರ್ಕಾರದ ಕಾಗದಪತ್ರ ಸುಲಭ ಭಾಷೆಯಲ್ಲಿರಬೇಕೆಂದು ಈ ದೇಶ 2010ರಲ್ಲಿ ಕಾಯಿದೆಯನ್ನೇ ಮಾಡಿತು. ಒಂದು ನಮೂನೆಯನ್ನು ತಿದ್ದಿ ಬರೆಯುವುದು ಒಂದು ಕಾದಂಬರಿ ಬರೆಯುವುದಕ್ಕಿಂತ ಕೀಳು ಕೆಲಸವೆಂದು ನಾನು ಭಾವಿಸುವುದಿಲ್ಲ.

ಹೊಟ್ಟೆಪಾಡಿನ ಮಾತು

ತಂದೆತಾಯಿಗಳು ಕಾಯುತ್ತಿರುವ ಮಾತಿಗೆ ಬರುತ್ತೇನೆ. ಇದರಲ್ಲಿ ಹೊಟ್ಟೆ ತುಂಬುತ್ತದೆಯೇ? ತುಂಬುತ್ತದೆ. ಆದರೆ ಸಾಫ್ಟ್‌ವೇರಿನವರಂತೆ, ವೈದ್ಯರಂತೆ ಸಂಪಾದನೆಯಿಲ್ಲ. ಅದನ್ನು ಮುಚ್ಚಿಡುವುದು ಸರಿಯಲ್ಲ. ಈ ದೇಶದಲ್ಲಿ ಸಾರ್ವಜನಿಕ ನೀತಿ ಅಥವಾ ಆಡಳಿತದಲ್ಲಿ ಸಾಮಾನ್ಯವಾಗಿ ಎರಡು ವರ್ಷದ ಸ್ನಾತಕೋತ್ತರ ಪದವಿಯುಂಟು. ನಾನು ಹೇಳಿದ ಪರಿಶೋಧನಾ ಕಚೇರಿ, ರಾಜ್ಯಗಳ ಮತ್ತು ನಗರಗಳ ಲೆಕ್ಕಪರಿಶೋಧಕರು, ಸಂಶೋಧನಾ ಸಂಸ್ಥೆಗಳು, ವಿಶ್ವವಿದ್ಯಾನಿಲಯಗಳು, ಪತ್ರಿಕೆಗಳು ಇಂಥವರಿಗೆ ಕೆಲಸ ಕೊಡುತ್ತವೆ. ಅಪಾಯವೂ ಇದೆ. 2025ರಲ್ಲಿ ಇಲ್ಲಿ ಕೇಂದ್ರ ಸರ್ಕಾರದ ನೌಕರರ ಭಾರಿ ಕಡಿತವಾದುದನ್ನೂ ಸಂಶೋಧನೆಯ ಅನೇಕ ಅನುದಾನಗಳು ನಿಂತುದನ್ನೂ ನೀವೇ ಕಂಡಿದ್ದೀರಿ. ಭಾರತದಲ್ಲಿಯೂ ಅನುದಾನ ನಂಬಿದ ಸಂಸ್ಥೆಗಳ ಬದುಕು ಮಳೆ ನಂಬಿದ ಬೇಸಾಯದಂತೆ. ನನ್ನ ಸಂಬಳ ನಾಲ್ಕು ತಿಂಗಳು ಬಾರದಿದ್ದ ಕಾಲವೂ ಇತ್ತು. ಮನೆಯಾಕೆಯ ಶಾಲಾ ಶಿಕ್ಷಕಿಯ ಸಂಬಳ ನಮ್ಮನ್ನು ಕಾಪಾಡಿತು.

ಹಾಗಾಗಿ ಈ ಹಾದಿ ಹಿಡಿಯುವ ಮಕ್ಕಳು ಕೈಯಲ್ಲೊಂದು ಗಟ್ಟಿ ವಿದ್ಯೆಯನ್ನು ಇಟ್ಟುಕೊಳ್ಳಬೇಕು. ಸಂಖ್ಯಾಶಾಸ್ತ್ರ, ಲೆಕ್ಕಪತ್ರ, ಕಾನೂನು, ಆರೋಗ್ಯವಿಜ್ಞಾನ, ಇವುಗಳಲ್ಲಿ ಯಾವುದಾದರೂ ಒಂದು. ಎರಡನೆಯದಾಗಿ, ಸ್ಪಷ್ಟವಾಗಿ ಬರೆಯಲು ಕಲಿಯಬೇಕು. ಮೂರನೆಯದಾಗಿ, ಸರತಿಯ ಸಾಲಿನಲ್ಲಿ ನಿಲ್ಲುವ ತಾಳ್ಮೆ ಬೇಕು. ಕಚೇರಿಯೊಂದರ ಕಿಟಕಿಯ ಎರಡೂ ಬದಿಗಳಲ್ಲಿ ಒಂದೊಂದು ವಾರ ಕುಳಿತು ನೋಡದವರು ಆ ಕಚೇರಿಯನ್ನು ಕುರಿತು ಬರೆಯಬಾರದು. ಆ ಬದಿಯಲ್ಲಿಯೂ ಮನುಷ್ಯರೇ ಇದ್ದಾರೆ. ಮೂರು ಜನರ ಕೆಲಸವನ್ನು ಒಬ್ಬರೇ ಮಾಡುತ್ತಿರುತ್ತಾರೆ. ನಮ್ಮ ಅಮ್ಮನ ಕಡತವನ್ನು ಬಿಚ್ಚಿ ನೋಡಿದ ಆ ವೃದ್ಧ ಗುಮಾಸ್ತರೂ ಅದೇ ಕಚೇರಿಯವರೇ ತಾನೆ?

ಇನ್ನು ಹಿರಿಯರಿಗೆ ಒಂದು ಬಿನ್ನಹ. ನೀವು ಎರಡು ವರ್ಷಕ್ಕೊಮ್ಮೆ ಊರಿಗೆ ಬರುತ್ತೀರಿ. ಖಾತೆ ಬದಲಾವಣೆಗೋ, ವೃದ್ಧ ತಂದೆತಾಯಿಯರ ಪಿಂಚಣಿಗೋ, ಯಾವುದೋ ಪ್ರಮಾಣಪತ್ರಕ್ಕೋ ಅಲೆಯುತ್ತೀರಿ. ರಜೆ ಮುಗಿಯುತ್ತಿರುತ್ತದೆ. ಯಾರಿಗೋ ದುಡ್ಡು ಕೊಟ್ಟು ಕೆಲಸ ಮುಗಿಸಿಕೊಂಡು, ಇಲ್ಲಿಗೆ ಬಂದು ಊಟದ ಮೇಜಿನ ಸುತ್ತ ಊರನ್ನು ಬೈಯುತ್ತೀರಿ. ಮಕ್ಕಳು ಕೇಳುತ್ತಿರುತ್ತಾರೆ. ಮುಂದಿನ ಸಲ ಒಂದು ಸಣ್ಣ ಪುಸ್ತಕವನ್ನು ಜೇಬಿನಲ್ಲಿಟ್ಟುಕೊಳ್ಳಿರಿ. ಯಾವ ದಿನ ಹೋದಿರಿ, ಏನು ಕೇಳಿದರು, ಯಾವ ಕಾಗದದಲ್ಲಿ ಏನು ಅರ್ಥವಾಗಲಿಲ್ಲ, ಎಷ್ಟು ಖರ್ಚಾಯಿತು ಎಂದು ಬರೆಯಿರಿ. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ ಮಾತ್ರ. ನಿಮಗಿರುವ ವಿದ್ಯೆ, ಧೈರ್ಯ ಮತ್ತು ಹಿಂದಿರುಗುವ ಟಿಕೆಟ್ಟು, ಇವು ಮೂರೂ ನಿಮ್ಮ ಹಿಂದೆ ಸಾಲಿನಲ್ಲಿ ನಿಂತಿರುವ ಮುದುಕಿಗೆ ಇಲ್ಲ.

ಕಡೆಯದಾಗಿ, ನಿನ್ನೆ ರಾತ್ರಿಯ ಪ್ರಶ್ನೆಗೆ ಉತ್ತರ. ತಂದೆಯವರೇ, ಬರೆದದ್ದನ್ನು ಎಲ್ಲರೂ ಓದುತ್ತಾರೆಂದು ನಾನು ಭರವಸೆ ಕೊಡಲಾರೆ. ಬರೆಯದೆ ಬಿಟ್ಟದ್ದನ್ನು ಯಾರೂ ಓದುವುದಿಲ್ಲವೆಂಬುದನ್ನು ಮಾತ್ರ ಬಲ್ಲೆ. ಮಗೂ, ನಿನಗೆ ಈ ಓದಿನಲ್ಲಿ ಮನಸ್ಸಿದ್ದರೆ ಓದು. ಜೊತೆಗೆ ಸಂಖ್ಯಾಶಾಸ್ತ್ರವನ್ನೂ ಕಲಿ, ಕನ್ನಡವನ್ನೂ ಬಿಡಬೇಡ. ಎಂದಾದರೂ ಬೆಂಗಳೂರಿಗೆ ಬಂದರೆ ನಮ್ಮ ಮನೆಗೆ ಬಾ. ಅಮ್ಮ ಈಗ ಇಲ್ಲ. ಅವರ ಪುಸ್ತಕ ನನ್ನ ಬಳಿಯಿದೆ, ತೋರಿಸುತ್ತೇನೆ. ಅದರ ಕೊನೆಯ ಪುಟದಲ್ಲಿ ಹಣ ಬಂದ ತಾರೀಖನ್ನು ಬರೆದು, ಕೆಳಗೆ ಬಸ್ಸಿನ ಖರ್ಚನ್ನೆಲ್ಲ ಕೂಡಿಸಿ, ಎರಡು ಗೆರೆ ಎಳೆದಿದ್ದಾರೆ.